ಡಿಎಲ್ ನವೀಕರಣ: ಮಳೆಗಾಲಕ್ಕೆ ಮುನ್ನ ತಾಲ್ಲೂಕುಗಳಲ್ಲಿ ಶಿಬಿರ ನಡೆಯಲಿ

ಮಾನ್ಯ ಸಂಪಾದಕರೇ,

ಚಾಲನಾ ಪರವಾನಗಿಯ ಅವಧಿ ಮುಗಿದ ಮೇಲೂ ಒಂದು ತಿಂಗಳು ವಾಹನ ಓಡಿಸಲು ಅಡ್ಡಿಯಿಲ್ಲ, ಐದು ವರ್ಷದೊಳಗೆ ಯಾವಾಗ ಹೋದರೂ ಪರೀಕ್ಷೆಯಿಲ್ಲದೆ ನವೀಕರಣವಾಗುತ್ತದೆ ಎಂಬ ನಂಬಿಕೆ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಬಲವಾಗಿದೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯು ಆ ಮೂವತ್ತು ದಿನಗಳ ರಿಯಾಯಿತಿಯನ್ನು ತೆಗೆದುಹಾಕಿತು. ಐದು ವರ್ಷಗಳ ಜಾಗಕ್ಕೆ ಒಂದೇ ವರ್ಷವನ್ನು ತಂದಿತು. ಈಗ ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದವರೆಗೆ ಮಾತ್ರ ಸುಲಭವಾಗಿ ನವೀಕರಣಕ್ಕೆ ಅರ್ಜಿ ಹಾಕಬಹುದು. ಅದೂ ದಾಟಿದರೆ ಎಷ್ಟೇ ಹಳೆಯ ಚಾಲಕರಾಗಿದ್ದರೂ ಮತ್ತೆ ಚಾಲನಾ ಪರೀಕ್ಷೆಗೆ ಹಾಜರಾಗಿ ತೇರ್ಗಡೆಯಾಗಲೇಬೇಕು. ಕಾನೂನು ಬದಲಾಗಿ ಇಷ್ಟು ವರ್ಷಗಳಾದರೂ ಈ ವಿಷಯ ಹಳ್ಳಿಗಳಿಗೆ ಸರಿಯಾಗಿ ತಲುಪಿಲ್ಲ ಎಂಬುದನ್ನು ಸಾರಿಗೆ ಇಲಾಖೆಯ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಇದರ ಬಿಸಿ ಹೆಚ್ಚಾಗಿ ತಟ್ಟುತ್ತಿರುವುದು ಐವತ್ತು ದಾಟಿದವರಿಗೆ. ಖಾಸಗಿ ವಾಹನಗಳ ಲೈಸೆನ್ಸನ್ನು ಮೊದಲು ಇಪ್ಪತ್ತು ವರ್ಷಕ್ಕೆ ಅಥವಾ ಐವತ್ತನೆಯ ವಯಸ್ಸಿನವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಕೊಡುತ್ತಿದ್ದರು. ಈಗಿನ ಲೆಕ್ಕದಲ್ಲಿ ಮೂವತ್ತರೊಳಗೆ ಪಡೆದವರಿಗೆ ನಲವತ್ತು ತುಂಬುವವರೆಗೆ, ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರೊಳಗಿನವರಿಗೆ ಅರವತ್ತು ತುಂಬುವವರೆಗೆ, ಆಮೇಲೆ ಪ್ರತಿ ಸಲವೂ ಐದೈದು ವರ್ಷ. ಎಂದರೆ ವಯಸ್ಸು ಏರಿದಂತೆ ನೆನಪಿಟ್ಟುಕೊಳ್ಳಬೇಕಾದ ತಾರೀಖುಗಳು ಹತ್ತಿರ ಹತ್ತಿರ ಬರುತ್ತವೆ. ನಮ್ಮ ಊರಿನ ಹಿರಿಯ ಅಡಿಕೆ ಬೆಳೆಗಾರರೊಬ್ಬರ ಲೈಸೆನ್ಸ್ ಅವಧಿ ಮಳೆಗಾಲದ ನಡುವೆ ಮುಗಿದಿತ್ತು. ಕೊಳೆರೋಗಕ್ಕೆ ಔಷಧಿ ಹೊಡೆಸುವುದು, ಅದು ಮುಗಿಯುವಷ್ಟರಲ್ಲಿ ಕೊಯ್ಲು, ಸುಲಿಯುವುದು, ಬೇಯಿಸುವುದು ಎಂದು ದಿನಗಳು ಹೋದವು. ಐದು ವರ್ಷ ಇದೆಯಲ್ಲ ಎಂಬ ಧೈರ್ಯವೂ ಇತ್ತು. ಮುಂದಿನ ವರ್ಷ ಕಚೇರಿಗೆ ಹೋದಾಗ ಗಡುವು ದಾಟಿ ಕೆಲವು ವಾರಗಳಾಗಿದ್ದವು. ಜೀವಮಾನವಿಡೀ ಘಟ್ಟದ ತಿರುವುಗಳಲ್ಲಿ ಜೀಪು ಓಡಿಸಿದವರು ಹೊಸ ಹುಡುಗರ ಸಾಲಿನಲ್ಲಿ ನಿಂತು ‘ಎಚ್’ ಆಕಾರದ ಟ್ರ್ಯಾಕಿನಲ್ಲಿ ಗಾಡಿ ಹಿಂದಕ್ಕೆ ತೆಗೆದು ತೋರಿಸಬೇಕಾಯಿತು.

ಪರೀಕ್ಷೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ವಯಸ್ಸಾದವರ ದೃಷ್ಟಿ, ಶ್ರವಣಶಕ್ತಿಗಳನ್ನು ಆಗಾಗ ನೋಡಿ ಲೈಸೆನ್ಸ್ ಕೊಡುವುದು ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಒಳ್ಳೆಯದು. ನಲವತ್ತು ದಾಟಿದವರು ನವೀಕರಣದ ವೇಳೆ ನಮೂನೆ 1-ಎಯಲ್ಲಿ ವೈದ್ಯರ ಪ್ರಮಾಣಪತ್ರ ಕೊಡಬೇಕೆಂಬ ನಿಯಮ ಇರುವುದೂ ಅದಕ್ಕೇ. ಆದರೆ ವೈದ್ಯರ ಮುಖವನ್ನೇ ನೋಡದೆ ಆ ಪತ್ರವನ್ನು ‘ಮಾಡಿಸಿಕೊಡುವ’ ಮಧ್ಯವರ್ತಿಗಳು ಇದ್ದಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕಣ್ಣಿಗೆ ಪೊರೆ ಬಂದವರು ರಾತ್ರಿ ಮಳೆಯಲ್ಲಿ ಎದುರು ಲಾರಿಯ ಬೆಳಕಿಗೆ ಗಾಡಿ ಓಡಿಸುವುದು ಎಷ್ಟು ಅಪಾಯವೆಂದು ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಓಡಾಡುವವರಿಗೆ ಹೇಳಬೇಕಿಲ್ಲ.

ಎಲ್ಲವೂ ಈಗ ಆನ್‌ಲೈನ್ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು, 2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಕಲಿಕಾ ಪರವಾನಗಿ, ಪರೀಕ್ಷೆ ಬೇಕಿಲ್ಲದ ನವೀಕರಣ, ನಕಲು ಲೈಸೆನ್ಸ್, ವಿಳಾಸ ಬದಲಾವಣೆ ಸೇರಿದಂತೆ 18 ಸೇವೆಗಳನ್ನು ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಹೋಗದೆಯೇ ಪಡೆಯಬಹುದೆಂದು ಪ್ರಕಟಿಸಿತು. ‘ಸಾರಥಿ’ ಜಾಲತಾಣ ಬಳಸಲು ಬಂದವರಿಗೆ ಇದು ದೊಡ್ಡ ಅನುಕೂಲವೇ. ಆದರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬಂದರೆ ತಾನೇ ಮುಂದಿನ ಮಾತು? ಮನೆಯೊಳಗೆ ಸಿಗ್ನಲ್ ಇಲ್ಲದೆ ತೋಟದ ಮೇಲಿನ ಗುಡ್ಡ ಹತ್ತಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತು, ಬಂದ ಅಂಕಿಗಳನ್ನು ತುಂಬುವಷ್ಟರಲ್ಲಿ ಸಮಯ ಮೀರಿ ‘ಮತ್ತೆ ಪ್ರಯತ್ನಿಸಿ’ ಎನ್ನಿಸಿಕೊಳ್ಳುವುದು ಇಲ್ಲಿ ಮಾಮೂಲಿ. ಕರೆಂಟು ಹೋದರೆ ಟವರೂ ಹೋಗುತ್ತದೆ. ಕೊನೆಗೆ ಪೇಟೆಯ ಸೈಬರ್ ಅಂಗಡಿಯೋ ಏಜೆಂಟರೋ ಗತಿ. ನಿಯಮದಲ್ಲಿ ನವೀಕರಣ ಶುಲ್ಕ 200 ರೂಪಾಯಿ, ಸ್ಮಾರ್ಟ್ ಕಾರ್ಡಿನದು ಬೇರೆ; ಏಜೆಂಟರ ಕೈಗೆ ಹೋಗುವುದು ಅದರ ಎಷ್ಟೋ ಪಟ್ಟು.

ಇದಕ್ಕಿಂತ ಜಟಿಲವಾದುದು ಹಳೆಯ ಪುಸ್ತಕದ ಲೈಸೆನ್ಸಿನ ಕಥೆ. ಸ್ಮಾರ್ಟ್ ಕಾರ್ಡ್ ಬರುವ ಮೊದಲು ಕೈಬರಹದಲ್ಲಿ ತುಂಬಿ, ಫೋಟೊ ಅಂಟಿಸಿ, ಮೊಹರು ಹಾಕಿ ಕೊಟ್ಟ ಪುಸ್ತಕಗಳು ಇನ್ನೂ ಅನೇಕರ ಬಳಿ ಇವೆ. ಮಲೆನಾಡಿನ ಥಂಡಿಗೆ ಬೂಷ್ಟು ಹಿಡಿದು, ಶಾಯಿ ಹರಡಿ, ಕೆಲವದರಲ್ಲಿ ಸಂಖ್ಯೆಯೇ ಓದಲಾಗದಂತಾಗಿದೆ. ಅಂಥವರ ವಿವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅರ್ಜಿ ಮುಂದಕ್ಕೇ ಹೋಗದು. ಲೈಸೆನ್ಸ್ ಕೊಟ್ಟ ಮೂಲ ಕಚೇರಿಯಲ್ಲಿ ರಿಜಿಸ್ಟರ್ ತೆಗೆಸಿ ‘ಬ್ಯಾಕ್‌ಲಾಗ್ ಎಂಟ್ರಿ’, ಎಂದರೆ ಹಳೆಯ ವಿವರಗಳನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸಿದ ಮೇಲೆಯೇ ನವೀಕರಣವಾಗಲಿ, ಕಳೆದುಹೋದದ್ದಕ್ಕೆ ನಕಲು ಪ್ರತಿಯಾಗಲಿ. ಹಿಂದೆ ಬೇರೆ ಜಿಲ್ಲೆಯಲ್ಲಿ ನೌಕರಿಯಲ್ಲಿದ್ದಾಗ ಲೈಸೆನ್ಸ್ ಮಾಡಿಸಿ, ನಿವೃತ್ತರಾಗಿ ಊರಿಗೆ ಮರಳಿದವರ ಪಾಡು ಕೇಳುವುದೇ ಬೇಡ.

ಬಸ್ಸಿನಲ್ಲಿ ಓಡಾಡಬಹುದಲ್ಲ ಎಂದು ಯಾರಾದರೂ ಅಂದರೆ, ಕೊಪ್ಪದ ‘ಸಹಕಾರ ಸಾರಿಗೆ’ ಸಂಸ್ಥೆಯ ಬಸ್ಸುಗಳು 2020ರಲ್ಲಿ ನಿಂತ ಮೇಲೆ ಒಳದಾರಿಯ ಊರುಗಳ ಸ್ಥಿತಿ ಏನಾಯಿತೆಂದು ಒಮ್ಮೆ ಬಂದು ನೋಡಬೇಕು. ಆಸ್ಪತ್ರೆಗೆ, ಸೊಸೈಟಿಗೆ, ಅಡಿಕೆ ಮಂಡಿಗೆ ಹೋಗಲು ಸ್ವಂತ ಗಾಡಿಯೇ ಬೇಕು. ಏಳೂವರೆ ಸಾವಿರ ಕಿಲೋ ಮೀರದ ಸರಕು ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದ್ದು ಪಿಕಪ್ ಇಟ್ಟುಕೊಂಡ ನಮ್ಮಂಥವರಿಗೆ ನೆಮ್ಮದಿ ತಂದಿದೆ. ಆದರೆ ಆ ಲೈಸೆನ್ಸೇ ಊರ್ಜಿತದಲ್ಲಿಲ್ಲದಿದ್ದರೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆದು, ಪರಿಹಾರದ ಹೊರೆ ಮಾಲೀಕನ ತಲೆಗೇ ಬರುವ ಸಂಭವವಿದೆ. ಪೊಲೀಸರ ದಂಡ ಇದರ ಮುಂದೆ ಸಣ್ಣದು.

ಆದ್ದರಿಂದ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರ ಅವಧಿಯ ತಾರೀಖು ಇರುವಾಗ, ಮುಗಿಯುವ ಮೂರು ತಿಂಗಳು ಮೊದಲೇ ಕನ್ನಡದಲ್ಲಿ ಒಂದು ಸಂದೇಶ ಕಳಿಸುವುದು ಕಷ್ಟವಾಗಬಾರದು. ಮೊಬೈಲ್ ಸಂಖ್ಯೆ ದಾಖಲಾಗದವರಿಗಾಗಿ ಗ್ರಾಮ ಪಂಚಾಯಿತಿ, ಹಾಲಿನ ಡೇರಿ, ಸೊಸೈಟಿಗಳ ಫಲಕದಲ್ಲಿ ಒಂದು ವರ್ಷದ ಈ ಗಡುವನ್ನು ದಪ್ಪಕ್ಷರದಲ್ಲಿ ಬರೆಸಿ ಹಾಕಲಿ. ಶಿವಮೊಗ್ಗದ ಪ್ರಾದೇಶಿಕ ಕಚೇರಿ ಮತ್ತು ಸಾಗರದ ಸಹಾಯಕ ಕಚೇರಿಯವರು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಕೊಯ್ಲು ಮುಗಿದು ಮಳೆ ಹಿಡಿಯುವ ನಡುವಿನ ಬಿಡುವಿನಲ್ಲಿ, ಒಂದೊಂದು ತಾಲ್ಲೂಕು ಕೇಂದ್ರದಲ್ಲಿ ನವೀಕರಣ ಶಿಬಿರ ನಡೆಸಲಿ. ಒಟಿಪಿಯ ಬದಲು ಬೆರಳಚ್ಚಿನಿಂದ ದೃಢೀಕರಿಸುವ ಯಂತ್ರ ಅಲ್ಲಿರಲಿ, ತಾಲ್ಲೂಕು ಆಸ್ಪತ್ರೆಯ ವೈದ್ಯರು ಅಲ್ಲೇ ಕೂತು ನಿಜವಾಗಿಯೂ ಕಣ್ಣು ಪರೀಕ್ಷಿಸಿ ಪ್ರಮಾಣಪತ್ರ ಕೊಡಲಿ. ಹಳೆಯ ಪುಸ್ತಕ ತಂದವರ ವಿವರಗಳನ್ನು ಅದೇ ದಿನ ಬರೆದುಕೊಂಡು, ಬೇರೆ ಜಿಲ್ಲೆಯ ಕಚೇರಿಯಿಂದ ದಾಖಲೆ ತರಿಸಿಕೊಳ್ಳುವ ಹೊಣೆಯನ್ನು ಅರ್ಜಿದಾರರಿಗೆ ಬಿಡದೆ ಇಲಾಖೆಯೇ ಹೊರಲಿ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ