ಸೀಮೆಸುಣ್ಣದ ಗೆರೆ ಸರಿದ ರಾತ್ರಿ

ಭಾನುವಾರ ಬೆಳಿಗ್ಗೆ ಅಪ್ಪಯ್ಯನ ಹಳೆಯ ಪದ್ಮಿನಿ ಕಾರು ತೀರ್ಥಹಳ್ಳಿಯ ಕಮಾನು ಸೇತುವೆ ದಾಟಿತು. ಪಕ್ಕದಲ್ಲಿ ಅಮ್ಮ. ನಾನು ಸ್ಟೀರಿಂಗ್ ಬುಡದ ಗೇರು ಬದಲಿಸಿದಾಗಲೆಲ್ಲ ಅವಳ ಕೈ ಡ್ಯಾಶ್‌ಬೋರ್ಡಿನ ಅಂಚು ಹಿಡಿಯುತ್ತಿತ್ತು, ಅಪ್ಪಯ್ಯ ಓಡಿಸುವಾಗ ಹಿಡಿಯುತ್ತಿದ್ದ ಅದೇ ಜಾಗ. ಮತ್ತೆ ಓಡಿದ ಗಾಡಿಯ ಫೋಟೋ ನೋಡಿ ಫೋನ್ ಮಾಡಿದವರ ಜೊತೆ ಅವತ್ತು ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

1978ರ ಗಾಡಿ, ಹದಿಮೂರು ಮಳೆಗಾಲ ಅಡಿಕೆ ಕೊಟ್ಟಿಗೆಯಲ್ಲಿ ನಿಂತು ತುಕ್ಕು ಹಿಡಿದಿತ್ತು. ಅದರ ರಿಪೇರಿ ನಡೆಯುವಾಗಲೇ ಅಪ್ಪಯ್ಯನ ಆಸ್ಪತ್ರೆ ಓಡಾಟ.

ತುಕ್ಕು ಬಿಡಿಸಲೆಂದು ಮಂಡ್ಯದಿಂದ ಎರಡು ಕ್ಯಾನ್ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಬಸ್ಸಿಗೆ ಹಾಕಿ ಕಳಿಸಿದ ಗೆಳತಿಗೆ, ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಾಗಿಲ ಕೀಲು, ಬಾನೆಟ್ ಕೊಂಡಿಗಳನ್ನು ಎರಡು ವಾರ ನೆನೆಹಾಕಿದ ಚಿಕ್ಕಪ್ಪನ ಮಗನಿಗೆ, ಆ ಹುಳಿ ವಾಸನೆ ಸಹಿಸಿಕೊಂಡ ನೆರೆಮನೆಯವರಿಗೆ, ಕರೆಂಟು ಹಾಯಿಸಿ ತುಕ್ಕು ಬಿಡಿಸಲು ವಾಷಿಂಗ್ ಸೋಡಾ ನೀರಿಗೆ ಬ್ಯಾಟರಿ ಚಾರ್ಜರ್ ಹಚ್ಚುವ ಮೊದಲು "ಸ್ಟೀಲ್ ತಟ್ಟೆ ಕಟ್ಟಬೇಡ, ಕ್ರೋಮಿಯಂ ವಿಷ ನೀರಿಗೆ ಇಳಿಯುತ್ತೆ, ಬರೀ ಕಬ್ಬಿಣದ ಸರಳು ಸಾಕು" ಎಂದು ತಡೆದ ಕೆಮಿಸ್ಟ್ರಿ ಮೇಷ್ಟ್ರಿಗೆ, ಮುಂಬೈಯಲ್ಲಿ ಅಲೆದು ಪಿಸ್ಟನ್ ರಿಂಗ್ ಹುಡುಕಿಕೊಟ್ಟ ಭಾವನಿಗೆ ಕೈಮುಗಿಯುತ್ತೇನೆ.

ಇನ್ನು ಗಾಡಿ ರಿಪೇರಿ ಮಾಡಿದ ಮೇಸ್ತ್ರಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಎಂಜಿನ್ನಿನ ಹೆಡ್ ಬಿಚ್ಚಿ ನೋಡಿದಾಗ ನಡುವಿನ ಎರಡು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ, ಅಸಿಟೋನ್ ಸಮಸಮ ಕಲಸಿ ಮೇಸ್ತ್ರಿ ದಿನಾ ಎರಡು ಚಮಚ ಬಿಟ್ಟು ಹೋಗುತ್ತಿದ್ದರು. ಅಸಿಟೋನಿಗೆ ಬೆಂಕಿ ಬೇಗ ಹತ್ತುತ್ತದೆ ಎಂದು ಬೀಡಿಯನ್ನೂ ಅಂಗಳದಾಚೆ ಹೋಗಿ ಸೇದಿ ಬರುತ್ತಿದ್ದರು. ಆಸ್ಪತ್ರೆಗೆ ಹೋದಾಗಲೆಲ್ಲ ಅಪ್ಪಯ್ಯ ಕೇಳುತ್ತಿದ್ದದ್ದು ಒಂದೇ, "ತಿರುಗ್ತಾ?" ನಾಳೆ ತಿರುಗುತ್ತೆ ಅನ್ನುತ್ತಿದ್ದೆ. ಕೊನೆಯ ದಿನವೂ ಹಾಗೇ ಅಂದೆ. ತಿರುಗಿತು ಎಂದು ಒಂದು ಸುಳ್ಳು ಹೇಳಬಹುದಿತ್ತಲ್ಲ, ಹೇಳಲಿಲ್ಲ.

ಹದಿಮೂರನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹೊರಟರು. ಹೊರಗೆ ಪುಷ್ಯ ಮಳೆ. ರಾತ್ರಿ ಕೊಟ್ಟಿಗೆಗೆ ಹೋಗಿ ದೊಡ್ಡ ಸುತ್ತಿಗೆ ಎತ್ತಿಕೊಂಡು ಮೂರನೇ ಪಿಸ್ಟನ್ನಿನ ಮೇಲೆ ಎರಡೇಟು ಹೊಡೆದೆ. ಮೂರನೆಯದಕ್ಕೆ ಎತ್ತಿದಾಗ ಯಾರೋ ಹಿಂದಿನಿಂದ ಸುತ್ತಿಗೆ ಹಿಡಿದರು. ತೋಟದಾಚೆಯಿಂದ ದೀಪ ಕಂಡು, ಕಂಬಳಿಕೊಪ್ಪೆ ಹಾಕಿಕೊಂಡು ಬಂದಿದ್ದರು ಮೇಸ್ತ್ರಿ.

"ಅಲ್ಯೂಮಿನಿಯಂ ಅಮ್ಮ ಅದು, ಒಡೆದೋಗುತ್ತೆ. ಇದನ್ನ ಕೆಳಕ್ಕೆ ತಳ್ಳಬಾರದು, ಅಲ್ಲಾಡಿಸಬೇಕು."

ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ರಿಂಗಿಗೂ ಸಿಲಿಂಡರಿಗೂ ನಡುವಿನ ಕೂದಲೆಳೆ ಸಂದಿಯಲ್ಲಿ ಅದು ಉಬ್ಬಿ ಕೂತಿರುವಾಗ ಒಂದೇ ಕಡೆಗೆ ಜಗ್ಗಿದರೆ ಇನ್ನಷ್ಟು ಬಿಗಿಯುತ್ತದೆ. ಒಂದಿಷ್ಟು ಆಚೆ, ಒಂದಿಷ್ಟು ಈಚೆ ಮಾಡಿದರೆ ಎಣ್ಣೆ ಒಳಗಿಳಿಯಲು ದಾರಿಯಾಗುತ್ತದೆ. ಇದನ್ನೆಲ್ಲ ಅವರು ವಿವರಿಸಲಿಲ್ಲ, ಮಾಡಿ ತೋರಿಸಿದರು. ಎಂಜಿನ್ ಜೊತೆ ತಿರುಗುವ ಚಕ್ರದ, ಅಂದರೆ ಕ್ರ್ಯಾಂಕ್ ಪುಲ್ಲಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು, ಬ್ಲಾಕಿನ ಮೇಲೆ ಅದಕ್ಕೆ ಎದುರಾಗಿ ಇನ್ನೊಂದು. ಪುಲ್ಲಿ ನಟ್ಟಿಗೆ ಸ್ಪ್ಯಾನರ್, ಸ್ಪ್ಯಾನರಿಗೆ ಪೈಪು. ಅವರು ಪೈಪು ಒತ್ತಿ ಬಿಟ್ಟು, ಎತ್ತಿ ಬಿಟ್ಟು ಮಾಡಿದರು. ನಾನು ಪಿಸ್ಟನ್ ಮೇಲೆ ಮರದ ತುಂಡಿಟ್ಟು ಮರದ ಸುತ್ತಿಗೆಯಿಂದ ತಟ್ಟಿದೆ. ಹನ್ನೊಂದು ಗಂಟೆ, ಒಂದು ಗಂಟೆ, ಮೂರು ಗಂಟೆ. ಅಮ್ಮ ಎರಡು ಸಲ ಕಾಫಿ ತಂದಿಟ್ಟು ಮಾತಾಡದೆ ಹೋದಳು.

ನಾಲ್ಕರ ಸುಮಾರಿಗೆ ಮೇಸ್ತ್ರಿ ಟಾರ್ಚ್ ಹಿಡಿದರು. ಎರಡು ಗೆರೆಗಳ ನಡುವೆ ಅಕ್ಕಿಕಾಳಿನಷ್ಟು ಅಂತರ.

ಅಪ್ಪಯ್ಯ ಹೋದ ಮೇಲೆ ನಾನು ಅತ್ತದ್ದು ಆಗಲೇ ಮೊದಲು. ಸಿಮೆಂಟು ನೆಲದ ಮೇಲೆ, ಎಣ್ಣೆ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮೇಸ್ತ್ರಿ ಸಮಾಧಾನ ಹೇಳಲಿಲ್ಲ, ಎದ್ದು ಹೋಗಲೂ ಇಲ್ಲ. ಅಳು ನಿಂತ ಮೇಲೆ ಇನ್ನೊಂದು ಚಮಚ ಎಣ್ಣೆ ಬಿಟ್ಟು ಪೈಪನ್ನು ನನ್ನ ಕೈಗೆ ಕೊಟ್ಟರು. "ಈಗ ನೀವೇ ತಿರುಗಿಸಿ."

ಆಮೇಲಿನ ಏಳು ತಿಂಗಳೂ ಅವರೇ ನಿಂತರು. ನೆಲದ ತಗಡು ಉಜ್ಜಿದ ಮೇಲೂ ಉಳಿದ ತುಕ್ಕಿಗೆ ಟ್ಯಾನಿಕ್ ಆಮ್ಲದ ದ್ರಾವಣ ಬಳಿದಾಗ, ಚೊಗರು ತಾಗಿದ ಅಡಿಕೆಗತ್ತಿಯ ಹಾಗೆ ತಗಡು ಕಪ್ಪಗಾಯಿತು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಆಕ್ಸಿಲರೇಟರ್ ಕೆಳಗಿನ ಭಾಗ ಮಾತ್ರ ಉಳಿಯಲಿಲ್ಲ. ತೋಟದಿಂದ ಒದ್ದೆ ಕಾಲಲ್ಲೇ ಬಂದು ಅಪ್ಪಯ್ಯ ಹಿಮ್ಮಡಿ ಊರುತ್ತಿದ್ದ ಜಾಗ ಅದು, ತೂತಾಗಿತ್ತು. ಕತ್ತರಿಸಿ ಹೊಸ ತಗಡು ಬೆಸೆದೆವು.

ಭಾನುವಾರ ಸೇತುವೆ ದಾಟಿ ಮೇಸ್ತ್ರಿ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಅವರು ಒಳಗಿನಿಂದ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ತಂದು ಅಮ್ಮನ ಕೈಗಿಟ್ಟರು. ಕತ್ತರಿಸಿ ತೆಗೆದ ಆ ತಗಡಿನ ತುಂಡು. ಗುಜರಿಗೆ ಹಾಕಿರಲಿಲ್ಲ. ಹಿಮ್ಮಡಿ ಸವೆಸಿದ ಗುಳಿ ಅದರಲ್ಲಿ ಹಾಗೇ ಇದೆ.