ಕೋವಿ ಬೇಡ ಪುಟ್ಟಿ

ಪ್ರೀತಿಯ ಪುಟ್ಟಿ,

ಅಮೆರಿಕದ ಕಾಡುಹಾದಿಯಲ್ಲಿ ಒಬ್ಬಳೇ ನಡೆಯುವಾಗ ನನ್ನ ರಕ್ಷಣೆಗೆ ಏನು ಒಯ್ಯಲಿ ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿತ್ತು, ನಿಮ್ಮಪ್ಪ ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿದ್ದರು. "ಅಮ್ಮಾ, ನನ್ನ ರೂಮ್‌ಮೇಟ್ ಪಿಸ್ತೂಲು ತಗೊಂಡು ಹೋಗು ಅಂತಾಳೆ" ಅಂತ ನೀನು ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ಎರಡು ರಾತ್ರಿ ಅದನ್ನೇ ಯೋಚಿಸಿದೆ, ಹಾಗಾಗಿ ಈ ಪತ್ರ. ಉದ್ದ ಆಗುತ್ತೆ, ಬೇಜಾರು ಮಾಡ್ಕೊಳ್ಳದೆ ಓದು.

ಹೋಗಬೇಡ ಅಂತ ಹೇಳುವುದಿಲ್ಲ. ಹೇಳುವ ಆಸೆ ಇದೆ, ಆದರೂ ಹೇಳುವುದಿಲ್ಲ. ನೀನು ಕಳಿಸಿದ ಮ್ಯಾಪು ನೋಡಿದೆವು. ಆ ಅಪಲೇಷಿಯನ್ ಟ್ರೇಲ್ ಅನ್ನುವ ಕಾಡುಹಾದಿ ಪೂರ್ತಿ ನಡೆದರೆ ಜಾರ್ಜಿಯಾದಿಂದ ಮೇನ್ ತನಕ 14 ರಾಜ್ಯ, 3,500 ಕಿಲೋಮೀಟರ್. ನೀನು ಹೊರಟಿರುವುದು ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ವರ್ಜೀನಿಯಾದ ಡಮಾಸ್ಕಸ್ ಅನ್ನುವ ಊರಿನವರೆಗೆ, ಅದೇ ಸುಮಾರು 750 ಆಗುತ್ತೆ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿ ಬಂದರೂ ಅಷ್ಟಾಗುವುದಿಲ್ಲ ಮಾರಾಯ್ತಿ, ಅದೂ ಕಾಲಲ್ಲಿ, ಅದೂ ಒಬ್ಬಳೇ.

ಮೊದಲು ಪಿಸ್ತೂಲಿನ ವಿಷಯ ಮುಗಿಸಿಬಿಡೋಣ. ಅಲ್ಲಿ ಕೆಲವು ರಾಜ್ಯಗಳಲ್ಲಿ ಬಂದೂಕು ಇಟ್ಟುಕೊಂಡು ಓಡಾಡುವುದು ಸಲೀಸು, 2010ರಿಂದ ನ್ಯಾಷನಲ್ ಪಾರ್ಕುಗಳ ಒಳಗೂ ಆಯಾ ರಾಜ್ಯದ ಕಾನೂನಿನಂತೆ ಒಯ್ಯಬಹುದು, ಎಲ್ಲಾ ಸರಿ. ಅದು ನಿನ್ನ ರೂಮ್‌ಮೇಟ್‌ಗೆ. ಸ್ಟೂಡೆಂಟ್ ವೀಸಾದ ಮೇಲೆ ಇರುವವರು ಬಂದೂಕಾಗಲಿ ಗುಂಡಾಗಲಿ ಹತ್ತಿರ ಇಟ್ಟುಕೊಳ್ಳುವುದೇ ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದರೆ ಅಂತೇನೋ ಒಂದೆರಡು ವಿನಾಯಿತಿ ಇವೆ, ಅದರ ಗೋಜು ನಿನಗೆ ಬೇಡ. ಟ್ರೇಲ್ ನೋಡಿಕೊಳ್ಳುವ ಕನ್ಸರ್ವೆನ್ಸಿಯವರೂ ಬಂದೂಕು ತರಬೇಡಿ ಅಂತಲೇ ಹೇಳುತ್ತಾರೆ. ಓದಲು ಹೋದವಳು ವೀಸಾ ಕಳೆದುಕೊಂಡು ಬರುವುದು ಬೇಡ.

ಆದರೆ ಕಾನೂನು ಬದಿಗಿಟ್ಟರೂ ನಾನು ಬೇಡ ಅಂತಲೇ ಅನ್ನುತ್ತಿದ್ದೆ. ನಿಮ್ಮಪ್ಪನ ಕೋವಿ ನೋಡಿಕೊಂಡೇ ನಾನು ಮೂವತ್ತು ವರ್ಷ ಸಂಸಾರ ಮಾಡಿದವಳು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಮಾಡಿಸಿದ್ದು. ಎಲೆಕ್ಷನ್ ಬಂದಾಗಲೆಲ್ಲ ಸ್ಟೇಷನ್ನಿಗೆ ಒಯ್ದು ಕೊಡುವುದು, ಮುಗಿದ ಮೇಲೆ ಹೋಗಿ ತರುವುದು, ಎಣ್ಣೆ ಹಚ್ಚುವುದು, ಲೈಸೆನ್ಸ್ ರಿನ್ಯೂ ಮಾಡಿಸಲು ಅಲೆಯುವುದು. ಅದನ್ನು ನಾವು ಕಾಪಾಡಿದ್ದೇ ಜಾಸ್ತಿ, ಅದು ನಮ್ಮನ್ನು ಕಾಪಾಡಿದ್ದು ನನಗಂತೂ ನೆನಪಿಲ್ಲ.

ನಿನಗೆ ಒಂದು ಕತೆ ಹೇಳಿಲ್ಲ. ನೀನಾಗ ಎರಡು ವರ್ಷದ ಕೂಸು. ಕೆಳಗಿನ ಗದ್ದೆಗೆ ಕಾಡುಹಂದಿ ಬೀಳುತ್ತಿದ್ದ ಕಾಲ. ಒಂದು ರಾತ್ರಿ ನಿಮ್ಮಪ್ಪ ಕೋವಿ ಹಿಡಿದು ಗದ್ದೆ ಕಾಯುವ ಮಾಳಕ್ಕೆ ಹೋದರು, ನಾನು ಕಾಫಿ ಫ್ಲಾಸ್ಕ್ ಕೊಡಲು ಹಿಂದೆಯೇ ಹೋದೆ. ಬ್ಯಾಟರಿಯ ಸೆಲ್ಲು ಇಳಿದು ಕೆಂಪು ಬೆಳಕು ಬರುತ್ತಿತ್ತು. ಅಂಚಿನ ಹತ್ತಿರ ಸರಸರ ಅಂದಿತು. ಕಪ್ಪಗೆ, ಗುಡ್ಡೆಯ ಹಾಗೆ ಏನೋ ಬಗ್ಗಿಕೊಂಡು ಬರುತ್ತಿದೆ. ನಿಮ್ಮಪ್ಪ ಕೋವಿ ಎತ್ತಿದರು. ಕುದುರೆ ಎಳೆದ ಟಿಕ್ ಸದ್ದು ನನಗೆ ಇವತ್ತಿಗೂ ಕೇಳುತ್ತೆ. ಅಷ್ಟರಲ್ಲಿ ಆ ಗುಡ್ಡೆ ಕೆಮ್ಮಿತು.

ಕೆಳಮನೆ ಮಾವ. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ನೀರು ತಿರುಗಿಸಲು ಬಂದಿದ್ದರು. ಅವರಿಗೆ ಇಂದಿಗೂ ಆ ವಿಷಯ ಗೊತ್ತಿಲ್ಲ. ನಿಮ್ಮಪ್ಪ ಮಾಳದ ಮೆಟ್ಟಿಲ ಮೇಲೆ ಕೂತುಬಿಟ್ಟರು, ನಾನು ಕೊಟ್ಟ ಕಾಫಿ ಲೋಟ ಹಿಡಿಯಲು ಅವರ ಕೈ ಬರಲಿಲ್ಲ. ಕೋವಿ ಕೈಯಲ್ಲಿದ್ದವರಿಗೆ ಕತ್ತಲೆಯಲ್ಲಿ ಕಂಡದ್ದೆಲ್ಲ ಹಂದಿ ಪುಟ್ಟಿ. ನೀನು ಟೆಂಟಿನೊಳಗೆ ಒಬ್ಬಳೇ ಮಲಗಿರುತ್ತೀಯ, ಹೊರಗೆ ಯಾರೋ ಇನ್ನೊಬ್ಬ ನಡೆಯುವವ ದಾರಿ ತಪ್ಪಿ ಬಂದಿರುತ್ತಾನೆ. ಇಷ್ಟು ಸಾಕು.

ಚಾಕು? ಒಯ್ಯಿ, ಹಣ್ಣು ಹೆಚ್ಚಲು, ಹಗ್ಗ ಕೊಯ್ಯಲು. ನಾನೂ ಸೊಪ್ಪಿನ ಬೆಟ್ಟಕ್ಕೆ ಹೋಗುವಾಗ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡೇ ಹೋಗುತ್ತೇನೆ. ಆದರೆ ಕತ್ತಿಯಿಂದ ಒಬ್ಬನನ್ನು ತಡೆಯಬೇಕು ಅಂದರೆ ಅವನು ಒಂದು ಮಾರು ದೂರಕ್ಕೆ ಬರುವ ತನಕ ಸುಮ್ನೆ ನಿಂತಿರಬೇಕು. ಅಷ್ಟು ಹತ್ತಿರಕ್ಕೆ ಬಿಟ್ಟುಕೊಂಡ ಮೇಲೆ ಅವನ ಕೈಗೇ ಕತ್ತಿ ಹೋದರೆ?

ಹಾಗಾಗಿ ನನ್ನ ಓಟು ಪೆಪ್ಪರ್ ಸ್ಪ್ರೇಗೆ. ನಗಬೇಡ, ಅದರ ಅನುಭವ ನನಗಿದೆ. ಹೋದ ವರ್ಷ ರಾತ್ರಿ ಬಸ್ಸಿಗೆ ಅಂತ ನೀನೇ ಆನ್‌ಲೈನಲ್ಲಿ ಆರ್ಡರ್ ಮಾಡಿ ಕಳಿಸಿದ್ದೆಯಲ್ಲ, ಅದು ಹೇಗೆ ಕೆಲಸ ಮಾಡುತ್ತೆ ನೋಡೋಣ ಅಂತ ಅಡಿಕೆ ಅಂಗಳದಲ್ಲಿ ನಿಂತು ಒಂದು ಸಲ ಒತ್ತಿದೆ. ಗಾಳಿ ತಿರುಗಿತು. ನೂರು ಸೂಜಿಮೆಣಸು ಒಟ್ಟಿಗೆ ಹುರಿದು ಮುಖಕ್ಕೆ ಎರಚಿದ ಹಾಗಾಯಿತು. ಹಂಡೆಯ ನೀರು ತೆಗೆದು ತೊಳೆದೆ, ಕುತ್ತಿಗೆಗೆಲ್ಲ ಹರಡಿತು. ಮೆಣಸಿನ ಖಾರದ ಎಣ್ಣೆಯೇ ಅದರಲ್ಲಿರುವುದು, ಬರೀ ನೀರಿಗೆ ಹೋಗಲ್ಲ, ಸೋಪು ಬೇಕು. ನಾಯಿ ಎರಡು ದಿನ ನನ್ನ ಹತ್ತಿರ ಬರಲಿಲ್ಲ.

ಅದರಿಂದ ಕಲಿತಿದ್ದು ಹೇಳುತ್ತೇನೆ. ಗಾಳಿಗೆ ಬೆನ್ನು ಮಾಡಿ ನಿಂತು ಒತ್ತಬೇಕು. ಅಲ್ಲಿ ಜೆಲ್ ತರಹದ್ದೂ ಸಿಗುತ್ತೆ, ಅದು ಗಾಳಿಗೆ ಅಷ್ಟು ಹಾರಲ್ಲ. ಸಣ್ಣ ಡಬ್ಬಿ ಸುಮಾರು ಹತ್ತಡಿ ಹೋಗುತ್ತೆ. ಕರಡಿ ಸ್ಪ್ರೇ ಅಂತ ದೊಡ್ಡದು ಬರುತ್ತೆ, ಮೂವತ್ತಡಿ ತನಕ ಮೋಡದ ಹಾಗೆ ಹರಡುತ್ತೆ, ಆದರೆ ಅದಿರುವುದು ಕರಡಿಗೆ. ಎರಡರಲ್ಲಿ ಯಾವುದೇ ಆಗಲಿ, ಬ್ಯಾಗಿನೊಳಗೆ ಸ್ವೆಟರ್ ಕೆಳಗೆ ಹೂತಿಟ್ಟರೆ ಇಲ್ಲದ ಲೆಕ್ಕ. ಎದೆಯ ಮೇಲೆ ಬರುವ ಪಟ್ಟಿಗೆ ಸಿಕ್ಕಿಸಿಕೋ. ಕಣ್ಣು ಮುಚ್ಚಿಕೊಂಡು ಕೈ ಹಾಕಿದರೆ ಸಿಗಬೇಕು, ರಾತ್ರಿ ತಲೆ ಹತ್ತಿರ ಶೂ ಒಳಗೆ ಇಡಬೇಕು. ಖಾರ ಇಲ್ಲದ ಪ್ರಾಕ್ಟೀಸ್ ಡಬ್ಬಿ ಬರುತ್ತಂತೆ, ಒಂದು ತಗೊಂಡು ಪಿನ್ ತೆಗೆದು ಒತ್ತುವುದನ್ನು ಹತ್ತು ಸಲ ಮಾಡು. ಡಬ್ಬಿಯ ತಾರೀಕು ನೋಡು, ಹಳೆಯದಾದರೆ ಒತ್ತಡ ಇರಲ್ಲ. ವಿಮಾನದ ಕೈಚೀಲದಲ್ಲಿ ಪೆಪ್ಪರ್ ಸ್ಪ್ರೇ ಬಿಡಲ್ಲ, ಕರಡಿ ಸ್ಪ್ರೇ ಅಂತೂ ಕೆಳಗೆ ಹಾಕುವ ಲಗೇಜಲ್ಲೂ ಬಿಡಲ್ಲ. ಅಟ್ಲಾಂಟಾದಲ್ಲಿ ಇಳಿದ ಮೇಲೆ ಕೊಂಡುಕೋ.

ಕರಡಿ ಅಂದೆನಲ್ಲ. ನಮ್ಮ ಕರಡಿ ಬೇರೆ, ಅಲ್ಲಿನದು ಬೇರೆ. ನಮ್ಮದು ಎದುರು ಸಿಕ್ಕರೆ ಕೇಳುವುದೇ ಇಲ್ಲ, ನೇರ ಮುಖಕ್ಕೆ ಬರುತ್ತೆ. ನಿನ್ನ ಹಾದಿಯಲ್ಲಿ ಬರುವ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಕಪ್ಪು ಕರಡಿ ಸಾವಿರಕ್ಕಿಂತ ಜಾಸ್ತಿ ಇದ್ದರೂ ಅವುಗಳ ಕಣ್ಣು ನಿನ್ನ ಊಟದ ಚೀಲದ ಮೇಲೆ. ಊಟ, ಪೇಸ್ಟು, ಲಿಪ್ ಬಾಮ್, ಏನೂ ಟೆಂಟಿನೊಳಗೆ ಬೇಡ. ಅಲ್ಲಿ ರಾತ್ರಿ ತಂಗುವ ಶೆಲ್ಟರ್ ಹತ್ತಿರ ಚೀಲ ಮೇಲೆತ್ತಲು ತಂತಿ ಕಟ್ಟಿರುತ್ತಾರಂತೆ, ಅದಕ್ಕೆ ಹಾಕು. ಎದುರಾದರೆ ಓಡಬೇಡ. ಕೈ ಎತ್ತಿ, ಜೋರು ದನಿಯಲ್ಲಿ ಗದರಿಸುತ್ತಾ ನಿಧಾನ ಹಿಂದೆ ಸರಿ. ಮೈಮೇಲೆ ಬಂದರೆ ಸತ್ತವಳ ಹಾಗೆ ಬೀಳಬೇಡ, ಕಪ್ಪು ಕರಡಿಗೆ ಅದು ನಡೆಯಲ್ಲ, ಕೈಗೆ ಸಿಕ್ಕಿದ್ದರಲ್ಲಿ ಮೂತಿಗೆ ಹೊಡಿ.

ನಿಜ ಹೇಳಲಾ? ನನಗೆ ಕರಡಿಗಿಂತ ರಕ್ತ ಹೀರುವ ಉಣುಗಿನದ್ದೇ ಭಯ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಶುರುವಾದ, ಉಣುಗಿನಿಂದಲೇ ಬರುವ ಮಂಗನ ಕಾಯಿಲೆಗೆ ಇಂಗ್ಲಿಷಿನಲ್ಲಿ ಆ ಊರಿನ ಹೆಸರೇ ಅಂಟಿಕೊಂಡಿತು. ಅಲ್ಲಿ ಉಣುಗಿನಿಂದ ಬರುವ ಲೈಮ್ ಕಾಯಿಲೆಗೂ ಕನೆಕ್ಟಿಕಟ್‌ನ ಲೈಮ್ ಅನ್ನುವ ಊರಿನ ಹೆಸರು. ಪಾಪ, ಎರಡೂ ಊರು ಏನು ಕರ್ಮ ಮಾಡಿದ್ದವೋ. ಇಲ್ಲಿ ನಾವು ಕಾಡಿನಿಂದ ದರಗು, ಅಂದರೆ ಒಣಎಲೆ, ತರಲು ಹೋಗುವಾಗ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಕುದಿಸುತ್ತೇವೆ. ನೀನು ಬಟ್ಟೆಗೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಹೊಡೆದುಕೋ, ಮೈಗಲ್ಲ, ಬಟ್ಟೆಗೆ. ದಿನಾ ರಾತ್ರಿ ಕಂಕುಳು, ಮಂಡಿ ಹಿಂದೆ, ಕಿವಿ ಹಿಂದೆ ನೋಡಿಕೋ. ಕಚ್ಚಿದ್ದು ಕಂಡರೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳಿ, ಒಂದು ದಿನದೊಳಗೆ ತೆಗೆದರೆ ಅಪಾಯ ಬಹಳ ಕಡಿಮೆ.

ಈಗ ಮನುಷ್ಯರು. 2019ರ ಮೇ ತಿಂಗಳಲ್ಲಿ ವರ್ಜೀನಿಯಾದಲ್ಲಿ ಆ ಹಾದಿಯ ಮೇಲೆಯೇ ಒಂದು ಕೊಲೆಯಾಗಿದ್ದು ನೀನೂ ಓದಿರುತ್ತೀಯ, ನನ್ನಿಂದ ಮುಚ್ಚಿಟ್ಟಿದ್ದೀಯ ಅಷ್ಟೇ. ನಾನು ಹುಡುಕಿ ಓದಿದೆ. ಆ ಮನುಷ್ಯ ಅದಕ್ಕೆ ವಾರಗಟ್ಟಲೆ ಮೊದಲೇ ದಾರಿಯಲ್ಲಿ ಸಿಕ್ಕವರನ್ನು ಬೆದರಿಸುತ್ತಿದ್ದ, ನಡೆಯುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹಾಗಾಗಿ ಮುಂದಿನಿಂದ ಬರುವವರ ಹತ್ತಿರ ಮಾತಾಡು. ಯಾರಾದರೂ ವಿಚಿತ್ರ ಆಸಾಮಿ ಇದ್ದಾನೆ ಅಂದರೆ ಸುಮ್ನೆ ಅಂತ ತಳ್ಳಿಹಾಕಬೇಡ, ಊರಿಗಿಳಿದು ಎರಡು ದಿನ ಕೂತುಬಿಡು. ದುಡ್ಡು ಕಳಿಸುತ್ತೇನೆ.

ಇಲ್ಲೊಂದು ತಪ್ಪು ನನ್ನದಿದೆ. ಯಾರಾದರೂ ಮಾತಾಡಿಸಿದರೆ ಮುಖ ತಿರುಗಿಸಬಾರದು, ದೊಡ್ಡವರು ಕೇಳಿದರೆ ಹೇಳಬೇಕು, ಕರೆದು ಕೊಟ್ಟಿದ್ದನ್ನು ಬೇಡ ಅನ್ನಬಾರದು ಅಂತ ನಿನಗೆ ಕಲಿಸಿದವಳು ನಾನೇ. ಅದನ್ನೆಲ್ಲ ಸ್ಪ್ರಿಂಗರ್ ಬೆಟ್ಟದಲ್ಲೇ ಬಿಟ್ಟು ಹೊರಡು. ನಾನು ಹೈಸ್ಕೂಲಿಗೆ ಕಾಡುದಾರಿಯಲ್ಲಿ ನಡೆದು ಹೋಗುತ್ತಿದ್ದಾಗ ಒಬ್ಬ ಮೂರು ದಿನ ಹಿಂದೆ ಬಂದ. ಏನೂ ಮಾಡಲಿಲ್ಲ, ಸುಮ್ನೆ ಬಂದ. ನನಗೆ ಕೇಳಲು ಸಂಕೋಚ, ಓಡಲು ನಾಚಿಕೆ. ಮೂರನೇ ದಿನ ಯಾರದೋ ಗುರುತಿಲ್ಲದ ಮನೆಯ ಬೇಲಿಯ ದಣಪೆ ದಾಟಿ "ಅತ್ತೇ" ಅಂತ ಕಿರುಚಿಕೊಂಡು ಒಳಗೆ ಹೋಗಿಬಿಟ್ಟೆ. ಆ ಮನೆಯಮ್ಮ ಯಾರು ಏನು ಕೇಳದೆ ಮಜ್ಜಿಗೆ ಕೊಟ್ಟು, ಮಗನನ್ನು ಜೊತೆ ಮಾಡಿ ಕಳಿಸಿದರು. ಮೊದಲ ದಿನವೇ ಹೋಗಬೇಕಿತ್ತು. ಯಾರನ್ನಾದರೂ ಕಂಡು ನಿನ್ನ ಹೊಟ್ಟೆಯೊಳಗೆ ಹಿಡಿಸಲಿಲ್ಲ ಅನಿಸಿದರೆ ಕಾರಣ ಹುಡುಕಬೇಡ. ಅರ್ಧ ಬೇಯಿಸಿದ ಅನ್ನ ಚೆಲ್ಲಿಯಾದರೂ ಸರಿ, ಎದ್ದು ಹೊರಡು. ಅವನು ಒಳ್ಳೆಯವನೇ ಆಗಿದ್ದರೆ ಬೇಜಾರು ಮಾಡಿಕೊಳ್ಳಲಿ ಬಿಡು.

"ಒಬ್ಬಳೇನಾ?" ಅಂದರೆ "ಇಬ್ಬರು ಹಿಂದೆ ಬರ್ತಿದ್ದಾರೆ" ಅನ್ನು. ಈ ಸುಳ್ಳಿಗೆ ಪಾಪ ಇಲ್ಲ. ರಸ್ತೆ ದಾಟುವ ಜಾಗದ ಹತ್ತಿರ ಟೆಂಟು ಹಾಕಬೇಡ, ಕಾರಿನಲ್ಲಿ ಬಂದವರು ಸುಲಭದಲ್ಲಿ ಬರುವುದು ಅಲ್ಲಿಗೇ. ಇವತ್ತು ಎಲ್ಲಿದ್ದೀನಿ ಅಂತ ಇವತ್ತೇ ಇನ್‌ಸ್ಟಾಗ್ರಾಮಿಗೆ ಹಾಕಬೇಡ, ನಾಲ್ಕು ದಿನ ತಡವಾಗಿ ಹಾಕು. ಆದರೆ ಶೆಲ್ಟರಿನಲ್ಲಿ ಇಟ್ಟಿರುವ ಪುಸ್ತಕದಲ್ಲಿ ತಾರೀಕು ಹಾಕಿ ಬರಿ. ಅಲ್ಲಿ ಎಲ್ಲರೂ ಒಂದು ಹಾದಿಹೆಸರು ಇಟ್ಟುಕೊಳ್ಳುತ್ತಾರಂತಲ್ಲ, ಅದನ್ನೇ ಬರಿ, ಆ ಹೆಸರು ನಮಗೂ ಹೇಳಿರು.

ಒಂದು ಸೀಟಿ ಕುತ್ತಿಗೆಗೆ ಕಟ್ಟಿಕೋ. ಮೂರು ಸಲ ಊದಿದರೆ ಕಷ್ಟದಲ್ಲಿದ್ದಾರೆ ಅಂತ ಅಲ್ಲಿ ಅರ್ಥ. ನಾವು ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕುವುದಿಲ್ಲವೇ, ಹಾಗೇ. ಆಮೇಲೆ ಆ ಗಾರ್ಮಿನ್ ಇನ್‌ರೀಚ್, ನೂರು ಗ್ರಾಮಿನದ್ದು, ನೆಟ್‌ವರ್ಕ್ ಇಲ್ಲದ ಕಡೆಯೂ ಸ್ಯಾಟಲೈಟಿನಿಂದ ಮೆಸೇಜು ಹೋಗುತ್ತೆ, ಎಸ್ಒಎಸ್ ಬಟನ್ ಇದೆ. ದುಬಾರಿ ಅಂದೆ. ಈ ಸಲ ಅಡಿಕೆ ದುಡ್ಡು ಬಂದಿದೆ, ನಿಮ್ಮಪ್ಪ ಆಗಲೇ ಹೂಂ ಅಂದಿದ್ದಾರೆ. ತಿಂಗಳ ಪ್ಲಾನು ಹಾಕಿಸುವುದು ಮರೆಯಬೇಡ, ಅದಿಲ್ಲದಿದ್ದರೆ ಅದು ಬರೀ ಆಟದ ಸಾಮಾನು.

ಪ್ರತಿ ಊರಿಗೆ ಇಳಿದಾಗ ಫೋನ್ ಮಾಡು. ಮಾರ್ಚ್‌ನಲ್ಲಿ ಅಲ್ಲಿನವರು ಗಡಿಯಾರ ಒಂದು ಗಂಟೆ ಮುಂದಿಟ್ಟ ಮೇಲೆ ನಿನ್ನ ಸಂಜೆ ಏಳು ನಮಗೆ ಬೆಳಗಿನ ಜಾವ ನಾಲ್ಕೂವರೆ. ನಾನು ಹೇಗಿದ್ದರೂ ಹಾಲು ಕರೆಯಲು ಏಳುವ ಹೊತ್ತು. ಎತ್ತದಿದ್ದರೆ ಕರೆಂಟು ಹೋಗಿ ವೈಫೈ ಆಫ್ ಆಗಿದೆ ಅಂತ ತಿಳಿ, ಲ್ಯಾಂಡ್‌ಲೈನಿಗೆ ಮಾಡು.

ನಿನ್ನ
ಅಮ್ಮ