ಗೆಳೆಯನಿಗೊಂದು ಪತ್ರ: ಬೂತಿನವರ ಹೆಸರು

ಗೆಳೆಯಾ,

ಹೇಗಿದ್ದೀಯ? ಹೋದ ವಾರ ಸಾಗರಕ್ಕೆ ಹೋಗಿ ಬಂದೆ. ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗಿಸುತ್ತೀಯ, ಹೇಳಬೇಕಾದ್ದು ಅಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಬರೆದು ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ. ನಮ್ಮೂರಿನವರು ಯಾರಾದರೂ ಓದಲಿ ಅಂತಲೂ ಆಸೆ ಇದೆ.

ಮೊದಲು ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ ಸುದ್ದಿ. 2025ರ ಜುಲೈ 14ಕ್ಕೆ ಉದ್ಘಾಟನೆ ಆಯ್ತಲ್ಲ, ಅದರ ಮೇಲೆ ನಾನು ಹೋಗಿದ್ದು ಇದೇ ಮೊದಲು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ ಇದೆ. ಅಂಬಾರಗೋಡ್ಲು ಬಿಟ್ಟಿದ್ದು ಗೊತ್ತಾಗುವಷ್ಟರಲ್ಲಿ ಕಳಸವಳ್ಳಿ ಬಂತು. ಲಾಂಚಿಗೆ ಕಾಯುವುದು, ಬಸ್ಸನ್ನು ಹಿಂದೆ ಮುಂದೆ ಮಾಡಿ ಹತ್ತಿಸುವುದು, ಕಂಬಿ ಹಿಡಿದು ನಿಂತು ನೀರಿನಲ್ಲಿ ಒಣಗಿ ನಿಂತ ಮರದ ಬೊಡ್ಡೆ ಎಣಿಸುವುದು, ಒಂದೂ ಇಲ್ಲ. ಬೇಜಾರಾಯ್ತಾ ಅಂತ ಕೇಳಬೇಡ, ಆಗಲಿಲ್ಲ. ಲಾಂಚು ಅಂದರೆ ನಮಗೆ ರಜೆಯ ಖುಷಿ, ಅಷ್ಟೇ ತಾನೆ. ತುಮರಿ ಕಡೆಯವರಿಗೆ ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ಹಿನ್ನೀರೇ ಅವರಿಗೆ ಬೇಲಿ. ಕೊನೆಯ ಲಾಂಚು ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ? ಯೋಚನೆ ಮಾಡು. ಸೇತುವೆ ಅವರಿಗೆ ಬರಲೇಬೇಕಿತ್ತು. ಕೊಡೆ ವಿಷಯ ಮಾತ್ರ ನಾನು ಮರೆತಿಲ್ಲ, ತಿಳ್ಕೋ.

ಸಂಜೆ ಪೇಟೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಿದೆ. ಗಣಪತಿ ಕೆರೆ ಏರಿ ಮೇಲೆ ಗಾಳಿ ಹಾಗೇ ಇದೆ. ಗುಡಿಗಾರರ ಮನೆ ಮುಂದೆ ಉಳಿಯ ಟಕಟಕ ಇನ್ನೂ ಕೇಳುತ್ತದೆ, ಆದರೆ ಆಗಿನ ಗಂಧದ ವಾಸನೆ ಇಲ್ಲ. ರೈಲ್‌ಬಸ್ ಹೋಗಿ ಎಷ್ಟೋ ಕಾಲವಾಯ್ತು. ಬಸ್ಸಿನ ಮೈ, ರೈಲಿನ ಗಾಲಿ, ತಾಳಗುಪ್ಪಕ್ಕೆ ಹೋಗಲಿಕ್ಕೆ ಅದಕ್ಕೆ ಎಂಥ ಗಡಿಬಿಡಿ! ಈಗ ಬ್ರಾಡ್‌ಗೇಜ್, ಬೆಂಗಳೂರಿಗೂ ಮೈಸೂರಿಗೂ ನೇರ ರೈಲು. ಬಾಡಿಗೆ ಸೈಕಲ್ ಅಂಗಡಿ ಇದ್ದಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ, ವಿದ್ಯುತ್ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದರು. ಭಾವಪೂರ್ಣ ಶ್ರದ್ಧಾಂಜಲಿ. ಮಳೆಗೆ ಒಂದು ಮೂಲೆ ಕಿತ್ತು ಮಡಚಿಕೊಂಡಿತ್ತು. ಬಿಡಿಸಿ ನೋಡಿದರೆ ಫೋನ್ ಬೂತ್ ಇಟ್ಟಿದ್ದ ನಮ್ಮ ಎಸ್‌ಟಿಡಿ ಮಾವ. ಕೆಳಗೆ ಹೆಸರು ಇತ್ತು. ಅವರ ಹೆಸರು ನಾನು ಓದಿದ್ದು ಅದೇ ಮೊದಲು ಕಣೋ.

ಅಲ್ಲೇ ನಿಂತುಬಿಟ್ಟೆ. ನಮ್ಮೂರಿನ ಕೋಡು 08183, ಅದರ ಮುಂದೆ ಅವರ ಬೂತಿನ ನಂಬರು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆಗ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲವಲ್ಲ, ಎಲ್ಲ ಅರ್ಜಿಯಲ್ಲೂ ಅದನ್ನೇ ಬರೆದು ಪಕ್ಕದಲ್ಲಿ ಪಿ.ಪಿ. ಅಂತ, ಅಂದರೆ ಬೇರೆಯವರ ಫೋನ್, ನನ್ನನ್ನು ಕರೆಸಬೇಕು ಅಂತ, ಹಾಕುತ್ತಿದ್ದೆ. ಹಳದಿ ಬೋರ್ಡು, ಒಬ್ಬರು ನಿಂತರೆ ಬೆವರುವ ಗಾಜಿನ ಗೂಡು, ತಲೆ ಮೇಲೆ ಓಡುವ ಕೆಂಪು ಅಂಕಿ. ರಾತ್ರಿ ತಡವಾದ ಮೇಲೆ ಕಾಲು ರೇಟು ಅಂತ ಊರೆಲ್ಲ ಆಗಲೇ ಬಂದು ಸಾಲು ನಿಲ್ಲುತ್ತಿತ್ತು. ಅವರ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು, ಒಂದು ಉದ್ದನೆಯ ನೋಟ್‌ಬುಕ್. ಫೋನ್ ಇಲ್ಲದ ಮನೆಗಳಿಗೆ ಬಂದ ಸುದ್ದಿಯನ್ನೆಲ್ಲ ಅದರಲ್ಲಿ ಬರೆದಿಡುತ್ತಿದ್ದರು. "ಅಕ್ಕನಿಗೆ ಹೆಣ್ಣು ಮಗು, ಇಬ್ಬರೂ ಆರಾಮ." ತಲುಪಿಸಿದ ಮೇಲೆ ಒಂದು ಗೆರೆ ಎಳೆಯುತ್ತಿದ್ದರು.

ನನಗೆ ಕೆಲಸದ ಇಂಟರ್ವ್ಯೂ ಬಂದಿದ್ದೂ ಆ ನೋಟ್‌ಬುಕ್‌ಗೇ. ಜುಲೈ ತಿಂಗಳು, ಹುಚ್ಚು ಮಳೆ. ಬೂತ್ ಬಾಗಿಲು ಹಾಕಿ ಸೈಕಲ್ ತುಳಿದು ಮನೆಗೆ ಬಂದಿದ್ದರು. ಅಂಗಳದಲ್ಲಿ ನಿಂತು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಮಡಚಿಟ್ಟ ಚೀಟಿ ಕೊಟ್ಟು, "ನಾಳೆ ಹತ್ತು ಗಂಟೆಗೆ ಬೆಂಗಳೂರಿನಲ್ಲಿ ಇರಬೇಕಂತೆ, ಇವತ್ತಿನ ರಾತ್ರಿ ಬಸ್ಸಿಗೇ ಹೊರಡು" ಅಂದರು. ಅಮ್ಮ ಕಾಫಿ ಕುಡಿದು ಹೋಗಿ ಅಂದರೆ, ಬೂತಿಗೆ ಜನ ಬಂದಿರ್ತಾರೆ ಅಂತ ಹಾಗೇ ಹೊರಟರು.

ಕೆಲಸ ಸಿಕ್ಕಿತು. ಅವರಿಗೆ ಹೇಳಲಿಲ್ಲ ನಾನು. ಊರಿಗೆ ಬಂದಾಗ ಹೇಳೋಣ ಅಂದುಕೊಂಡೆ, ಆಮೇಲೆ ಮನೆಗೇ ಫೋನ್ ಬಂತು, ಆಮೇಲೆ ಕೈಗೆ ಮೊಬೈಲ್ ಬಂತು, ಬೂತಿನ ಕಡೆ ಕೆಲಸವೇ ಇಲ್ಲದಂತಾಯ್ತು. ಇದನ್ನು ಯಾರಿಗೂ ಹೇಳಿಲ್ಲ. ಒಂದು ಸಲ ಆ ದಾರಿಯಲ್ಲಿ ಹೋಗುವಾಗ ಅವರು ಹೊರಗೆ ಬಂದು ಕೈ ಬೀಸಿ ಕರೆದರು. ಒಳಗೆ ಗೂಡು ಖಾಲಿ ಇತ್ತು. ಅರ್ಜೆಂಟ್ ಇದೆ ಅಂತ ಸನ್ನೆ ಮಾಡಿ ಮುಂದೆ ಹೋದೆ. ಅರ್ಜೆಂಟ್ ಏನೂ ಇರಲಿಲ್ಲ ಕಣೋ. ಮೊದಲೇ ಹೋಗಿ ಹೇಳಲಿಲ್ಲವಲ್ಲ ಅನ್ನೋ ಮುಜುಗರ, ಅಷ್ಟೇ. ಅದಾದ ಮೇಲೆ ಆ ರಸ್ತೆಯನ್ನೇ ತಪ್ಪಿಸಿ ಓಡಾಡಿದ್ದೇನೆ. ಏನು ಕೇಳುತ್ತಿದ್ದರು ಹೇಳು? ಕೆಲಸ ಹೇಗಿದೆ ಅಂತ ಕೇಳುತ್ತಿದ್ದರು.

ಫ್ಲೆಕ್ಸಿನ ಆ ಮೂಲೆಯನ್ನು ದಾರ ಹಾಕಿ ಮತ್ತೆ ಕಟ್ಟಿ ಬಂದೆ.

ಸೇತುವೆ ಸುದ್ದಿ ಹೇಳೋಣ ಅಂತ ಕೂತಿದ್ದು, ಎಲ್ಲಿಗೋ ಹೋಯ್ತು. ಇರಲಿ ಬಿಡು. ನಿನಗೊಂದು ಕೆಲಸ ಇದೆ. ಸೈಕಲ್ ಅಂಗಡಿಯವರ ಹೆಸರು ನಿನ್ನ ಅಮ್ಮನಿಗೆ ಗೊತ್ತಿರುತ್ತದೆ, ಕೇಳಿ ಬರೆ. ಅವರು ಈಗ ಮಗಳ ಮನೆಯಲ್ಲಿ ಇದ್ದಾರಂತೆ, ಆರಾಮಾಗಿದ್ದಾರಂತೆ. ಮುಂದಿನ ಸಲ ಇಬ್ಬರೂ ಹೋಗೋಣ. ಮಾರಿಕಾಂಬಾ ಜಾತ್ರೆಗೆ ಕಾಯಬೇಡ, ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ ಅದು, ಅಷ್ಟು ದಿನ ಕಾಯೋದಕ್ಕೆ ನನಗೆ ಈಗ ಭಯ. ಬರುವಾಗ ಕೊಡೆ ತರಬೇಡ. ನನ್ನ ಹತ್ರ ಇದೆ. ಅದೇ ಕೊಡೆ.

ನಿನ್ನ
ಹಿಂದಿನ ಬೆಂಚಿನವನು